ಅಕ್ಕನ ಕೂದಲ ಗಂಟು

ಮಗಳು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಾಳೆ. ಅದರಲ್ಲಿ ಇಂಗ್ಲಿಷ್ ನುಡಿಗಟ್ಟುಗಳಿಂದಲೂ ಪ್ರಶ್ನೆ ಬರುತ್ತದಂತೆ. ಒಂದು ದಪ್ಪ ಪುಸ್ತಕ ತಂದುಕೊಂಡಿದ್ದಾಳೆ. ಪುಟದ ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡದಲ್ಲಿ ಅದರ ಅರ್ಥ. ನಾನು ಓದಿರುವುದು ಏಳನೇ ತರಗತಿ. ಎಡಗಡೆಯದನ್ನು ಅಕ್ಷರ ಕೂಡಿಸಿ ಹೇಗೋ ಓದಬಲ್ಲೆ, ಅರ್ಥವಾಗುವುದಿಲ್ಲ. ಬಲಗಡೆಯದು ನನ್ನ ಪಾಲು.

ಮಧ್ಯಾಹ್ನ ನಮ್ಮನೆಯವರು ಉಂಡು ಮಾರ್ಕೆಟ್ ಯಾರ್ಡಿನ ಕಡೆ ಹೋದ ಮೇಲೆ, ಪಾತ್ರೆ ತೊಳೆದಿಟ್ಟು, ತಾಯಿ ಮಗಳು ಹಿತ್ತಿಲ ಮೆಟ್ಟಿಲ ಮೇಲೆ ಕೂರುತ್ತೇವೆ. ಅವಳು ಕೆಳಗಿನ ಮೆಟ್ಟಿಲಲ್ಲಿ, ನಾನು ಮೇಲಿನದರಲ್ಲಿ. ಪುಸ್ತಕ ನನ್ನ ಪಕ್ಕ ತೆರೆದಿರುತ್ತದೆ. ಅವಳ ತಲೆ ಬಾಚುತ್ತ ನಾನು ಕನ್ನಡದ ಅರ್ಥ ಓದಬೇಕು, ಅವಳು ಇಂಗ್ಲಿಷ್ ಹೇಳಬೇಕು. ತಪ್ಪಿದರೆ ಜಡೆ ಒಂಚೂರು ಜಗ್ಗುತ್ತೇನೆ. ಶಿಕಾರಿಪುರದ ಈ ಮನೆಗೆ ಬಂದು ಇಪ್ಪತ್ತೇಳು ವರ್ಷವಾಯಿತು. ಈ ಹಿತ್ತಿಲಲ್ಲಿ ಇಷ್ಟು ಸುಖವಾಗಿ ಕೂತದ್ದು ಕಡಿಮೆ. ಬೆಳೆದ ಮಗಳು ಇನ್ನೂ ತಲೆ ಕೊಟ್ಟು ಕೂರುತ್ತಾಳಲ್ಲ, ಅದೇ ಶಿವನ ದಯೆ.

ಆವತ್ತು ತೆಗೆದ ಪುಟದ ತುಂಬ ಕೂದಲಿನದ್ದೇ ಮಾತು.

"ಬಿಗುಮಾನ ಬಿಟ್ಟು ಹಾಯಾಗಿರುವುದು" ಎಂದು ಓದಿದೆ.

"ಲೆಟ್ ಯುವರ್ ಹೇರ್ ಡೌನ್."

"ಹಂಗಂದ್ರೆ ಏನೇ?"

"ಕೂದ್ಲು ಬಿಚ್ಚಿಬಿಡೋದಮ್ಮ."

ನನಗೆ ನಗು ಬಂತು. ನಮ್ಮ ಕಡೆ ಹೆಂಗಸು ಕೂದಲು ಬಿಚ್ಚಿಕೊಂಡು ಬಾಗಿಲಿಗೆ ಬಂದರೆ, "ಯಾರು ಹೋದ್ರೇ ಮಾರಾಯ್ತಿ?" ಎಂದು ಕೇಳುತ್ತಾರೆ. ಅವರಿಗೆ ಬಿಚ್ಚಿದರೆ ಹಾಯಿ, ನಮಗೆ ಕಟ್ಟಿದರೆ ಹಾಯಿ.

"ಸಿಟ್ಟಾಗದೆ ತಾಳ್ಮೆಯಿಂದಿರು."

"ಕೀಪ್ ಯುವರ್ ಹೇರ್ ಆನ್. ನಿನ್ನ ಕೂದ್ಲು ತಲೆ ಮೇಲೇ ಇರ್ಲಿ ಅಂತ."

"ಇದನ್ನ ನಿಮ್ಮಪ್ಪಂಗೆ ಹೇಳಂಗಿಲ್ಲ ಬಿಡು. ಉಳ್ದಿರೋದೇ ನಾಕು."

ಹೀಗೇ ನಡೆಯಿತು. ಸಣ್ಣ ಸಣ್ಣದಕ್ಕೆ ವಾದ ಮಾಡುವುದಕ್ಕೆ ಕೂದಲು ಸೀಳುವುದು ಎನ್ನುತ್ತಾರಂತೆ. ಕೂದಲೆಳೆ ಅಂತರದಲ್ಲಿ ಪಾರಾಗುವುದು ಅವರಲ್ಲೂ ಉಂಟು, ನಮ್ಮಲ್ಲೂ ಉಂಟು. ಪುಟ ತಿರುಗಿಸಿದರೆ ಕಳೆದುಕೊಳ್ಳುವ ಮಾತುಗಳು ಶುರುವಾದವು. ಮರ್ಯಾದೆ ಹೋದರೆ ಮುಖ ಕಳೆದುಕೊಳ್ಳುವುದು, ಧೈರ್ಯಗೆಟ್ಟರೆ ಎದೆ ಕಳೆದುಕೊಳ್ಳುವುದು, ಮಾತು ಹೊರಡದಿದ್ದರೆ ನಾಲಿಗೆ ಕಳೆದುಕೊಳ್ಳುವುದು, ಗಾಬರಿಯಾದರೆ ತಲೆಯನ್ನೇ ಕಳೆದುಕೊಳ್ಳುವುದು.

"ಇವರು ಮೈಮೇಲೆ ಒಂದಾದ್ರೂ ಉಳಿಸ್ಕೋತಾರೇನೇ?" ಎಂದೆ.

"ಅದಕ್ಕೇ ಕೂದ್ಲು ಆನ್ ಇಟ್ಕೋ ಅಂದಿದ್ದು" ಎಂದಳು.

ಆಮೇಲೆ ಒಂದು ಅರ್ಥ ಬಂತು. "ಎಂಥ ಸಂದರ್ಭದಲ್ಲೂ ಮುಖದಲ್ಲಿ ಏನನ್ನೂ ತೋರಗೊಡದಿರುವುದು."

"ನಾಟ್ ಟರ್ನ್ ಎ ಹೇರ್. ಒಂದು ಕೂದ್ಲೂ ಅಲ್ಲಾಡ್ಲಿಲ್ಲ ಅಂತ. ಇದಕ್ಕೆ ಸ್ವಂತ ವಾಕ್ಯ ಬರೀಬೇಕಮ್ಮ, ಒಂದು ಉದಾಹರಣೆ ಕೊಡು."

"ನಿಮ್ಮಜ್ಜಿ ನಿಮ್ಮ ದೊಡ್ಡಮ್ಮನ ಮುಂದೆ ಸುಳ್ಳು ಹೇಳಿದಾಗ ಹಂಗಿದ್ಲು" ಎಂದುಬಿಟ್ಟೆ.

ಬಾಯಿಂದ ಹೊರಟ ಮೇಲೆ ಅದು ನನಗೇ ಕೇಳಿಸಿತು. ಮೂವತ್ತೇಳು ವರ್ಷ ಯಾರೆದುರೂ ಹೇಳದ ಮಾತು. ಮಗಳು ಹಿಂದೆ ತಿರುಗಿದಳು. ಬಾಚಣಿಗೆ ಅವಳ ಕೂದಲಲ್ಲೇ ಸಿಕ್ಕಿಕೊಂಡಿತ್ತು.

"ಅಜ್ಜಿ ಸುಳ್ಳು ಹೇಳಿದ್ಲಾ? ಎಂತ ಸುಳ್ಳು?"

ಹೇಳಲೇಬೇಕಾಯಿತು.

ನಮ್ಮ ತವರು ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರಿನ ಕಡೆಯ ಒಂದು ಸಣ್ಣ ಊರು. ಅಪ್ಪ, ಅವ್ವ, ನಾವಿಬ್ಬರು ಹೆಣ್ಣುಮಕ್ಕಳು. ಗಂಡುಮಕ್ಕಳಿಲ್ಲ. ಅಕ್ಕ ನನಗಿಂತ ಆರು ವರ್ಷಕ್ಕೆ ದೊಡ್ಡವಳು. ಅವಳ ಜಡೆ ಸೊಂಟ ದಾಟಿ ಇಳಿಯುತ್ತಿತ್ತು. ಭಾನುವಾರ ಅವಳು ಸೀಗೆಕಾಯಿ ಹಾಕಿ ತಲೆಗೆ ನೀರು ಹಾಕಿಕೊಂಡರೆ, ಒಣಗಿಸಲು ಅವ್ವ ಒಂದು ಕಡೆ ನಾನು ಒಂದು ಕಡೆ ಹಿಡಿಯಬೇಕಾಗಿತ್ತು. ಏಳನೇ ತರಗತಿವರೆಗೆ ನನಗೆ ದಿನಾ ಎರಡು ಜಡೆ ಹಾಕಿ ರಿಬ್ಬನ್ ಕಟ್ಟಿ ಶಾಲೆಗೆ ಕಳಿಸಿದವಳು ಅವಳೇ. ಬೆನ್ನ ಹಿಂದೆ ಅವಳ ಬಳೆ ಸದ್ದು ಮಾಡುತ್ತಿತ್ತು. ನಾನು ಅಲ್ಲಾಡಿದರೆ ಮೊಣಕಾಲಿನಿಂದ ಒಂದು ಒತ್ತು ಕೊಟ್ಟು, "ನೆಟ್ಟಗೆ ಕೂರೇ, ಬೈತಲೆ ಬಸ್ಸಿನ ದಾರಿ ಹಂಗೆ ಆಗ್ತದೆ" ಎನ್ನುತ್ತಿದ್ದಳು. ಆಮೇಲೆ ಎಷ್ಟೋ ಜನ ನನ್ನ ತಲೆ ಬಾಚಿದ್ದಾರೆ, ಮದುವೆಯಲ್ಲಿ, ಸೀಮಂತದಲ್ಲಿ. ಆ ಮೊಣಕಾಲು ಮಾತ್ರ ಮತ್ತೆ ಸಿಗಲಿಲ್ಲ.

ನನಗೆ ಹದಿಮೂರಾದ ವರ್ಷ, ಬೇಸಿಗೆಗೆ ಮುಂಚೆ, ಅಕ್ಕ ಕೊಟ್ಟಿಗೆಗೆ ಒಣಗಿದ ಎಲೆ ತರಲು ಕಾಡಿಗೆ ಹೋಗಿದ್ದಳು. ಕಾಡಿನಲ್ಲಿ ಮಂಗ ಸತ್ತಿದೆ, ಯಾರೂ ಹೋಗಬೇಡಿ ಎಂಬ ಸುದ್ದಿ ನಮ್ಮೂರಿಗೆ ಬಂದದ್ದು ಎರಡು ದಿನ ತಡವಾಗಿ. ಅಷ್ಟರಲ್ಲಿ ಅವಳಿಗೆ ಜ್ವರ ಹತ್ತಿತ್ತು. ಮಂಗನ ಕಾಯಿಲೆ ಬಂದ ಮನೆಯಲ್ಲಿ ಜನ ಏನು ಅನುಭವಿಸುತ್ತಾರೆ ಎಂಬುದು ನಮ್ಮ ಕಡೆಯವರಿಗೆ ಗೊತ್ತು, ವಿವರಿಸಲಾರೆ. ಅಕ್ಕ ಉಳಿದಳು. ಕೂದಲು ಉಳಿಯಲಿಲ್ಲ. ಜ್ವರ ಬಿಟ್ಟು ಎರಡು ತಿಂಗಳಿಗೆ ಬಾಚಿದರೆ ಹಿಡಿ ಹಿಡಿಯಾಗಿ ಬರತೊಡಗಿತು.

ಅದೇ ಹೊತ್ತಿಗೆ ಶಿಕಾರಿಪುರದಿಂದ ಒಂದು ಸಂಬಂಧ ಬಂದಿತ್ತು. ಕಾಳಿನ ವ್ಯಾಪಾರದ ಮನೆ. ಮಳೆಗಾಲ ಕಳೆದು ನೋಡಲು ಬರುತ್ತೇವೆ, ಹುಡುಗಿಗೆ ಓದುವ ಆಸೆಯಿದ್ದರೆ ಕಾಲೇಜಿಗೆ ಕಳಿಸುತ್ತೇವೆ ಎಂದು ಅವರಾಗಿಯೇ ಹೇಳಿ ಕಳಿಸಿದ್ದರು. ಅಕ್ಕ ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯಲ್ಲಿ ಕೂತಿದ್ದವಳು. ಆ ಮಾತು ಕೇಳಿದ ದಿನ ಅವಳು ಹಳೆಯ ಪುಸ್ತಕಗಳ ಧೂಳು ಒರೆಸಿ ಮತ್ತೆ ಜೋಡಿಸಿಟ್ಟಳು. ನೋಡಲು ಬರುವ ಹೆಂಗಸರು ಹುಡುಗಿಯ ಜಡೆ ಕೈಯಲ್ಲಿ ಹಿಡಿದು ನೋಡುತ್ತಿದ್ದ ಕಾಲ ಅದು. ಅವ್ವ ಹೇಳಿದಳು, "ಶಿರಾಳಕೊಪ್ಪದ ಸಂತೆಯಲ್ಲಿ ಚೌರಿ ಸಿಗ್ತದೆ. ಒಂದು ತಂದು ಜಡೆಗೆ ಸೇರಿಸಿ ಕಟ್ಟಿದ್ರಾಯ್ತು."

ಅಕ್ಕ ಒಪ್ಪಲಿಲ್ಲ. "ಯಾರದೋ ತಲೆ ಕೂದ್ಲು. ಸತ್ತೋರದ್ದೋ ಇದ್ದೋರದ್ದೋ ಗೊತ್ತಿಲ್ಲ. ಅದನ್ನ ತಲೆಗೆ ಕಟ್ಕೊಂಡು ಅಂಗೈಯಲ್ಲಿ ಲಿಂಗ ಇಟ್ಕೊಂಡು ಕೂರ್ಲಾ?"

ನಮ್ಮ ಮನೆಯಲ್ಲಿ ಲಿಂಗಪೂಜೆ ತಪ್ಪಿಸಿದವರಿಲ್ಲ. ಅವ್ವ ಸಂತೆಯ ಚೌರಿಯ ಆಸೆ ಬಿಟ್ಟಳು. ಊರಿನಲ್ಲಿ ಚೌರಿ ಕಟ್ಟುವ ಒಬ್ಬ ಅಜ್ಜಿ ಇದ್ದಳು. ಅವಳು ಒಂದು ದಾರಿ ಹೇಳಿಕೊಟ್ಟಳು. "ನಿನ್ನ ಕೂದ್ಲೇ ಉದುರ್ತಾ ಐತಲ್ಲ ಮಗಾ, ಒಂದೆಳೆ ಬಿಡದಂಗೆ ಕೂಡಿಸಿಡು. ಎಷ್ಟು ಸಿಕ್ಕಾಗಿದ್ರೂ ನಾನು ಬಿಡಿಸಿ ಕಟ್ಟಿಕೊಡ್ತೀನಿ."

ಅಂದಿನಿಂದ ಅಕ್ಕ ಬಾಚಣಿಗೆಯದ್ದು, ದಿಂಬಿನ ಮೇಲಿನದ್ದು, ಸೀರೆಗೆ ಅಂಟಿದ್ದು, ಎಲ್ಲವನ್ನೂ ಆರಿಸಿ, ತೊಳೆದು ಒಣಗಿಸಿ, ಒಂದು ಹಳದಿ ಬಟ್ಟೆಯ ಚೀಲದಲ್ಲಿ ಕೂಡಿಸತೊಡಗಿದಳು. ಚೀಲವನ್ನು ದೇವರ ಗೂಡಿನ ಪಕ್ಕದ ಗೂಡಿನಲ್ಲಿ ಇಡುತ್ತಿದ್ದಳು. ತನ್ನಿಂದ ಹೋದದ್ದನ್ನೇ ಮತ್ತೆ ತಾನು ತೊಟ್ಟುಕೊಳ್ಳುವ ಹುಮ್ಮಸ್ಸು ಅವಳಿಗೆ. ಅವ್ವನೂ ನಾನೂ ಬಾಚಿದಾಗ ಬಂದ ಕೂದಲನ್ನು ಎಲ್ಲರ ಮನೆಯಂತೆ ಬೆರಳಿಗೆ ಸುತ್ತಿ ಹಿತ್ತಿಲ ಮಾಡಿನ ಹೆಂಚಿನ ಸಂದಿಗೆ ಸಿಕ್ಕಿಸುತ್ತಿದ್ದೆವು. ಕೂದಲು ಕೊಂಡು ಪಾತ್ರೆ ಕೊಡುವ ಹೆಂಗಸು ವರ್ಷಕ್ಕೆ ಎರಡು ಮೂರು ಸಲ ಬರುತ್ತಿದ್ದಳು. ಅವಳಿಗೆ ಕೊಡುವುದಕ್ಕೆ ಅದು.

ಒಂದು ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಅವ್ವ ಗದ್ದೆಯಲ್ಲಿ, ಅಕ್ಕ ಬಟ್ಟೆ ತೊಳೆಯಲು ಹಳ್ಳಕ್ಕೆ ಹೋಗಿದ್ದಳು. ಪಾತ್ರೆಯ ಹೆಂಗಸು ಜಗಲಿಯಲ್ಲಿ ಬುಟ್ಟಿ ಇಳಿಸಿದಳು. ಬುಟ್ಟಿಯ ಮೇಲೆಯೇ ಒಂದು ಸ್ಟೀಲ್ ಡಬ್ಬಿ. ಮುಚ್ಚಳಕ್ಕೆ ಎರಡು ಕಡೆ ಕೊಂಡಿ. ನನ್ನ ತರಗತಿಯ ಹುಡುಗಿಯರು ಅಂಥದ್ದರಲ್ಲೇ ರೊಟ್ಟಿ ತರುತ್ತಿದ್ದರು. ನಾನು ಬಾಳೆಲೆಯಲ್ಲಿ ಕಟ್ಟಿ ಒಯ್ಯುತ್ತಿದ್ದೆ.

ಹೆಂಚಿನ ಸಂದಿಯದ್ದನ್ನೆಲ್ಲ ತೆಗೆದು ತಂದೆ. ಅವಳು ಅಂಗೈಯಲ್ಲಿ ತೂಗಿ ನೋಡಿ ನಕ್ಕಳು.

"ಇಷ್ಟಕ್ಕೆ ಡಬ್ಬಿ ಕೇಳ್ತೀಯಲ್ಲ ಮರಿ. ಇದಕ್ಕೆ ಎರಡು ಸೂಜಿ, ಒಂದು ರಿಬ್ಬನ್ನು. ಉದ್ದ ಕೂದ್ಲು ಇದ್ರೆ ತಾ, ಡಬ್ಬಿ ಕೊಡ್ತೀನಿ."

ಅಕ್ಕನ ಚೀಲದಿಂದ ಅರ್ಧ ತೆಗೆದರೆ ತಿಳಿಯುವುದಿಲ್ಲ ಎಂದುಕೊಂಡೆ. ನಾಳೆಯಿಂದ ಮತ್ತೆ ಉದುರುತ್ತದಲ್ಲ, ತುಂಬಿಕೊಳ್ಳುತ್ತದೆ ಎಂದುಕೊಂಡೆ. ಹದಿಮೂರು ವರ್ಷದವಳ ಬುದ್ಧಿ. ಚೀಲಕ್ಕೆ ಕೈ ಹಾಕಿ ಎಳೆದರೆ ಅರ್ಧ ಬರಲಿಲ್ಲ, ಅಷ್ಟೂ ಒಂದೇ ಗಂಟಾಗಿ ಬಂತು. ತಿಂಗಳುಗಟ್ಟಲೆ ಕೂಡಿಟ್ಟದ್ದು ಒಂದಕ್ಕೊಂದು ಹೆಣೆದುಕೊಂಡಿತ್ತು. ಹರಿಯಲು ಹೋದೆ.

"ಹರೀಬ್ಯಾಡ, ಹರಿದ್ರೆ ಕೆಲಸಕ್ಕೆ ಬರಂಗಿಲ್ಲ" ಎಂದು ಅವಳು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದಳು. "ಯಾರ್ದಿದು?"

"ನಮ್ಮಕ್ಕಂದು."

"ಕೊಡು ಅಂದ್ಲೇನು?"

"ಹೂಂ" ಎಂದೆ.

ಡಬ್ಬಿಯನ್ನು ಎದೆಗೆ ಒತ್ತಿಕೊಂಡು ಒಳಗೆ ಬಂದಾಗ ಗೂಡಿನಲ್ಲಿ ಖಾಲಿ ಚೀಲ ಕಂಡಿತು. ಓಡಿ ಹೊರಗೆ ಬಂದೆ. ಅವಳು ಆಗಲೇ ತಿರುವು ದಾಟಿದ್ದಳು. ಅವಳ ಹಿಂದೆ ಹೋಗಬಹುದಿತ್ತು. ಹೋಗಲಿಲ್ಲ. ಡಬ್ಬಿ ವಾಪಸು ಕೊಡಬೇಕಾಗುತ್ತಿತ್ತು.

ಮೊದಲು ಮನೆಗೆ ಬಂದವಳು ಅವ್ವ. ಡಬ್ಬಿ ನೋಡಿದಳು, ಚೀಲ ನೋಡಿದಳು, ನನ್ನ ಮುಖ ನೋಡಿದಳು. ಹೊಡೆಯಲಿಲ್ಲ. ಡಬ್ಬಿಯನ್ನು ತೆಗೆದುಕೊಂಡು ಅಟ್ಟದ ಮೇಲೆ ಭತ್ತದ ಚೀಲಗಳ ಹಿಂದೆ ಇಟ್ಟು ಇಳಿದಳು. ಅಕ್ಕ ಹಳ್ಳದಿಂದ ಬಂದು, ಬಟ್ಟೆ ಹರವಿ, ಸೀರೆಗೆ ಅಂಟಿದ್ದ ನಾಲ್ಕು ಎಳೆ ಇಡಲು ಗೂಡಿಗೆ ಕೈ ಹಾಕಿದಳು.

"ಅವ್ವಾ, ನನ್ನ ಕೂದ್ಲು ಎಲ್ಲೋಯ್ತು?"

ಅವ್ವ ಒಲೆಯ ಮುಂದೆ ಕೂತಿದ್ದಳು. "ನಾನೇ ಬಚ್ಚಲೊಲೆಗೆ ಹಾಕ್ದೆ. ಕಸ ಅಂದ್ಕೊಂಡೆ."

"ಸುಟ್ಟ ವಾಸನೆ ಬರ್ಲಿಲ್ಲವಲ್ಲ."

"ಬಂತು. ನೀ ಹಳ್ಳದಲ್ಲಿದ್ದೆ."

ಅವ್ವನ ಮುಖದಲ್ಲಿ ಏನೂ ಇರಲಿಲ್ಲ. ರೊಟ್ಟಿ ತಟ್ಟುವ ಕೈ ನಿಲ್ಲಲಿಲ್ಲ. ಅಕ್ಕ ಖಾಲಿ ಚೀಲ ತೆಗೆದು ಮಡಿಸಿದಳು. ಅತ್ತಿದ್ದರೆ ನಾನು ಹೇಳಿಬಿಡುತ್ತಿದ್ದೆನೇನೋ. ಅವಳು ಅಳಲಿಲ್ಲ. "ಕೂದ್ಲು ಸುಟ್ಟರೆ ಮನೆಗೆ ಒಳ್ಳೇದಲ್ಲ ಅಂತ ನಮಗೆ ಹೇಳ್ಕೊಟ್ಟೋಳು ನೀನೇ ಅಲ್ಲೇನವ್ವಾ" ಎಂದು ಒಳಗೆ ಹೋದಳು.

ಶಿಕಾರಿಪುರದವರು ಬಂದರು, ಅಕ್ಕನ ಗಿಡ್ಡ ಜಡೆಗೆ ಸುತ್ತಿದ್ದ ಹೂವನ್ನು ಸರಿಸಿ ನೋಡಿದರು, ಮಂಡಕ್ಕಿ ಚಹಾ ಮುಗಿಸಿ ಹೋದರು. ಹುಡುಗಿ ಬಹಳ ಸೊರಗಿದ್ದಾಳೆ ಎಂದು ಹೇಳಿ ಕಳಿಸಿದರು. ಚೌರಿ ಇದ್ದಿದ್ದರೆ ಒಪ್ಪುತ್ತಿದ್ದರೋ ಇಲ್ಲವೋ ಶಿವನೇ ಬಲ್ಲ. ಎರಡು ವರ್ಷದ ಮೇಲೆ, ಕೂದಲು ಮತ್ತೆ ಬೆಳೆದ ಮೇಲೆ, ಅಕ್ಕನನ್ನು ನಮ್ಮ ಸೊರಬ ತಾಲ್ಲೂಕಿನದೇ ಉಳವಿಗೆ ಕೊಟ್ಟರು. ಗದ್ದೆ, ತೋಟ ಇರುವ ಮನೆ. ಭಾವ ಒಳ್ಳೆಯವರು, ಅವಳಿಗೆ ಒಂದು ದಿನವೂ ಏರುದನಿಯಲ್ಲಿ ಮಾತಾಡಿದವರಲ್ಲ. ಆದರೆ ಕಾಲೇಜಿನ ಮಾತು ಅಲ್ಲಿಗೆ ಮುಗಿಯಿತು. ಅವಳು ಬರಬೇಕೆಂದಿದ್ದ ಊರಿಗೆ, ಬೇರೆ ಮನೆಗೆ, ಎಂಟು ವರ್ಷದ ನಂತರ ನಾನು ಸೊಸೆಯಾಗಿ ಬಂದೆ. ನಮ್ಮ ಮನೆಯಿಂದ ಕಾಲೇಜಿಗೆ ಹತ್ತು ನಿಮಿಷದ ದಾರಿ.

ಅಕ್ಕ ಅವ್ವನ ಜೊತೆ ಮಾತು ಬಿಡಲಿಲ್ಲ. ಹಬ್ಬಕ್ಕೆ ಬರುತ್ತಿದ್ದಳು, ಹೋಗುವಾಗ ಕಾಲಿಗೆ ನಮಸ್ಕಾರ ಮಾಡುತ್ತಿದ್ದಳು. ಅವ್ವನ ಕೈಗೆ ಮಾತ್ರ ತಲೆ ಕೊಡಲಿಲ್ಲ. ಮೂರು ವರ್ಷದ ಹಿಂದೆ ಅವ್ವ ಮಣ್ಣಾದಾಗ ಅವಳ ಸೀರೆಗಳನ್ನು ಇಬ್ಬರಿಗೂ ಪಾಲು ಮಾಡಿದರು. ಅಕ್ಕ ತನ್ನ ಪಾಲನ್ನು ನನ್ನ ಕಡೆಗೆ ತಳ್ಳಿದಳು. "ನಂಗೆ ಬ್ಯಾಡ. ಅವಳ ಕೈಯಿಂದ ನಂಗೆ ಏನೂ ಉಳೀಲಿಲ್ಲ" ಎಂದಳು. ಆ ಮಾತು ಕೇಳಿದ ಮೇಲೆ ನಾನು ಉಳವಿಗೆ ಹೋಗುವುದೇ ಕಡಿಮೆಯಾಯಿತು. ಫೋನಿನಲ್ಲಿ ಹಬ್ಬದ ಮಾತು, ಮಳೆಯ ಮಾತು, ಅಷ್ಟೇ.

ಇಷ್ಟನ್ನೂ ಕೇಳಿ ಮಗಳು ಕೂದಲಲ್ಲಿ ಸಿಕ್ಕಿಕೊಂಡಿದ್ದ ಬಾಚಣಿಗೆಯನ್ನು ತಾನೇ ಬಿಡಿಸಿ ಕೆಳಗಿಟ್ಟಳು.

"ದೊಡ್ಡಮ್ಮಂಗೆ ಇವತ್ತಿಗೂ ಗೊತ್ತಿಲ್ವಾ?"

"ಇಲ್ಲ."

"ಹಂಗಾದ್ರೆ ಅಜ್ಜಿ ಸತ್ತರೂ ಬೈಸ್ಕೋತಾನೇ ಇದ್ದಾಳೆ" ಎಂದಳು. ಆಮೇಲೆ ಪುಸ್ತಕ ಎತ್ತಿಕೊಂಡು ಒಳಗೆ ಹೋದಳು. ಕೋಪದಿಂದ ಹೋದದ್ದಲ್ಲ.

ದೀಪ ಹಚ್ಚುವಾಗ ಆ ದಿನ ಶಿವ ಕೊಟ್ಟದ್ದನ್ನು ಒಂದೊಂದಾಗಿ ನೆನೆಯುವುದು ನನ್ನ ರೂಢಿ. ಮೊಸರು ಚೆನ್ನಾಗಿ ಹೆಪ್ಪಾಯಿತು, ನಮ್ಮನೆಯವರ ಕಾಲುನೋವು ಕಡಿಮೆಯಿತ್ತು, ನೀರು ಹೊತ್ತಿಗೆ ಬಂತು, ಹೀಗೆ. ಆವತ್ತು ನೆನೆಯಲು ಕೂತರೆ ಎಲ್ಲಕ್ಕೂ ಮುಂದೆ ಅವ್ವ ಬಂದು ಕೂತಳು. ನನ್ನ ಅಕ್ಕ ನನ್ನವಳಾಗಿ ಉಳಿದದ್ದು ಅವ್ವ ಅವಳ ಪ್ರೀತಿಯಲ್ಲಿ ತನ್ನ ಪಾಲನ್ನು ಬಿಟ್ಟುಕೊಟ್ಟದ್ದರಿಂದ. ಅದನ್ನು ನಾನು ಶಿವನ ದಯೆಯೆಂದು ಇಷ್ಟು ವರ್ಷ ಎಣಿಸುತ್ತ ಬಂದಿದ್ದೆ.

"ರೀ, ನಾಳೆ ಉಳವಿಗೆ ಹೋಗಿ ಬರ್ತೀನಿ" ಎಂದೆ.

ನಮ್ಮನೆಯವರು ತಲೆ ಎತ್ತಿದರು. "ಏನು ವಿಶೇಷ?"

"ಅಕ್ಕನ್ನ ನೋಡ್ಬೇಕು ಅನ್ನಿಸ್ತು."

"ಅದಕ್ಕೆ ಕೇಳೋದೇನೈತಿ. ಸಾರು ಮಾಡಿಟ್ಟು ಹೋಗು" ಎಂದರು.

ಬೆಳಗಿನ ಬಸ್ಸಿನಲ್ಲಿ ಶಿರಾಳಕೊಪ್ಪ, ಅಲ್ಲಿಂದ ಸೊರಬ, ಸೊರಬದಲ್ಲಿ ಇಳಿದು ಇನ್ನೊಂದು ಬಸ್ಸು. ನೆರಳಿನ ಕಡೆ ಕಿಟಕಿಯ ಸೀಟು ಸಿಕ್ಕಿತು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡೆ. ಉಳವಿ ಬರುವಷ್ಟರಲ್ಲಿ ಅದರಲ್ಲಿ ಒಂದು ಮಾತೂ ಉಳಿದಿರಲಿಲ್ಲ. ಮಗಳ ಪುಸ್ತಕದವರು ನಾಲಿಗೆ ಕಳೆದುಕೊಳ್ಳುವುದು ಎಂದು ಬರೆದದ್ದು ಸುಳ್ಳಲ್ಲ.

ಅಕ್ಕ ಹಿತ್ತಿಲಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಮಣೆಯ ಮೇಲೆ ಕೂತಿದ್ದಳು. ಆಗಷ್ಟೇ ತಲೆಗೆ ನೀರು ಹಾಕಿಕೊಂಡಿದ್ದಳು. ಬೆಳ್ಳಗಾದ ಕೂದಲು ಭುಜದ ತನಕ.

"ಎಂತದೇ ಇದು, ಹೇಳ್ದೇ ಕೇಳ್ದೇ. ಗಂಡ ಓಡಿಸಿದ್ನಾ?" ಎಂದಳು.

"ಸಾರು ಮಾಡಿಟ್ಟು ಹೋಗು ಅಂದ್ರು."

"ಹಂಗಾದ್ರೆ ಓಡಿಸಿಲ್ಲ ಬಿಡು." ಬಾಚಣಿಗೆಯನ್ನು ಹಿಂದಕ್ಕೆ ಚಾಚಿದಳು. "ಬಂದೋಳು ಸಿಕ್ಕು ಬಿಡಿಸು. ನಂಗೆ ಕೈ ಮೇಲೆ ಏಳಲ್ಲ ಈಗ."

ನಾನು ಅವಳ ಬೆನ್ನ ಹಿಂದೆ ನಿಂತೆ. ಮುಖ ಕಾಣದ ಆ ಜಾಗ ನನಗೆ ಅನುಕೂಲವಾಯಿತು. ತುದಿಯಿಂದ ಮೇಲಕ್ಕೆ ನಿಧಾನವಾಗಿ ಬಾಚುತ್ತ, ಡಬ್ಬಿಯಿಂದ ಶುರುಮಾಡಿ ಬಚ್ಚಲೊಲೆಯ ಸುಳ್ಳಿನವರೆಗೆ ಹೇಳಿದೆ. ನನ್ನ ಕೈ ಕೆಳಗೆ ಅವಳ ಕತ್ತು ಬಿಗಿಯಾಯಿತು. ಮುಗಿದ ಮೇಲೆ ಎದ್ದು, ಅರ್ಧ ಬಾಚಿದ ಕೂದಲಲ್ಲೇ ಅಡಿಗೆಮನೆಗೆ ಹೋದಳು. ನಾನೂ ಹಿಂದೆ ಹೋದೆ. ಒಲೆ ಹಚ್ಚಿ ಪಾತ್ರೆಯಲ್ಲಿ ನೀರಿಟ್ಟಳು. ಚಹಾಪುಡಿ ಹಾಕಲಿಲ್ಲ. ನೀರು ಕುದಿಯುತ್ತಲೇ ಇತ್ತು.

"ಡಬ್ಬಿ ಎಂಥದಿತ್ತು?"

"ಸ್ಟೀಲಿಂದು. ಎರಡು ಕೊಂಡಿ ಇತ್ತು."

"ಉಂಡ್ಯಾ ಅದ್ರಲ್ಲಿ?"

"ಒಂದಿನಾನೂ ಇಲ್ಲಕ್ಕ. ಅವ್ವ ಅಟ್ಟದಿಂದ ಇಳಿಸ್ಲೇ ಇಲ್ಲ."

"ನೀ ಚಿಕ್ಕೋಳಿದ್ದೆ. ಕೂದ್ಲು ಹೋಗ್ಲಿ, ಆ ಸಂಬಂಧಾನೂ ಹೋಗ್ಲಿ, ಅವರ ಮಗ ಹೆಂಗಿದ್ನೋ ಯಾರಿಗ್ಗೊತ್ತು." ಅವಳು ಒಲೆಯ ಕಡೆಯೇ ನೋಡುತ್ತಿದ್ದಳು. "ಮೊದಲ ಬಾಣಂತನಕ್ಕೆ ಬಂದಾಗ ಎಣ್ಣೆ ಕಾಸಿ ತಂದು, ಬಾ ತಲೆಗೆ ಹಚ್ತೀನಿ ಅಂದ್ಲು. ನಾ ಮುಟ್ಟಿಸ್ಕೊಳ್ಳಲಿಲ್ಲ. ಸುಟ್ಟ ಕೈ ಅದು, ಬ್ಯಾಡ ಅಂದೆ. ಬಟ್ಟಲು ಹಿಡ್ಕೊಂಡು ಹಂಗೇ ನಿಂತಿದ್ಲು. ನಾ ಹಂಗಂದಾಗ ನೀ ಅಲ್ಲೇ ಇದ್ಯಲ್ಲ. ತೊಟ್ಲು ತೂಗ್ತಿದ್ದೆ."

ಇದ್ದೆ. ತೊಟ್ಟಿಲ ಹಗ್ಗ ನನ್ನ ಕೈಯಲ್ಲಿತ್ತು.

"ಅವ್ವ ಲಿಂಗ ಮುಟ್ಟಿಸಿ ಆಣೆ ಹಾಕಿಸ್ಕೊಂಡಿದ್ಲಕ್ಕ. ನಾನು ಇರೋ ತನಕ ಬಾಯಿ ಬಿಡಬ್ಯಾಡ ಅಂದ್ಲು. ನಿಮ್ಮಕ್ಕ ನಾಳೆ ಮದುವೆ ಆಗಿ ಹೋಗ್ತಾಳೆ, ನಾವು ಮುದುಕ್ರು ಎಷ್ಟು ದಿನ, ಆಮೇಲೆ ಅವಳಿಗೆ ತವರು ಅಂದ್ರೆ ನೀನೇ, ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ, ನಿನ್ನ ಮೇಲೆ ಇರಬಾರ್ದು ಅಂದ್ಲು."

"ಅವಳು ಹೋಗಿ ಮೂರು ವರ್ಷ ಆಯ್ತಲ್ಲ. ಆಣೆ ಅವತ್ತೇ ಮುಗೀತಲ್ಲ."

ಆ ಮೂರು ವರ್ಷ ಅವ್ವನದ್ದಲ್ಲ, ನನ್ನದೇ.

ಅಕ್ಕ ನೀರನ್ನು ಇಳಿಸಿದಳು. "ಅವಳು ಅಂದ್ಕೊಂಡಂಗೇ ಆಯ್ತು ನೋಡು. ನೀ ನಂಗೆ ಉಳ್ದೆ. ಅವಳು ಉಳೀಲಿಲ್ಲ" ಎಂದಳು. ಸೆರಗಿನಿಂದ ಮುಖ ಒರೆಸಿಕೊಂಡು, "ಉಂಡು ಹೋಗು" ಎಂದು ತಟ್ಟೆ ಇಟ್ಟಳು. ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ. ಎದುರಿಗೆ ಕೂತು ಬಡಿಸಿದಳು, ತಾನು ಉಣ್ಣಲಿಲ್ಲ. ಬಸ್ಸಿಗೆ ಹೊರಟಾಗ ಯಾವಾಗಲೂ ನಿಲ್ದಾಣದ ತನಕ ಬಂದು, ಬಸ್ಸು ಕಣ್ಮರೆಯಾಗುವವರೆಗೆ ನಿಲ್ಲುವವಳು ಅವಳು. ಅಂದು ಹೊಸಿಲಿನಿಂದ ಈಚೆಗೆ ಬರಲಿಲ್ಲ.

ಆರು ವಾರ ಫೋನಿಲ್ಲ. ನಾನು ಮಾಡಿದರೆ ಭಾವ ಎತ್ತಿ, "ಗದ್ದೆಗೆ ಹೋಗಿದ್ದಾಳಮ್ಮ, ಬಂದ ಮೇಲೆ ಹೇಳ್ತೀನಿ" ಎನ್ನುತ್ತಿದ್ದರು. ಒಳ್ಳೆಯ ಮನುಷ್ಯರಿಗೆ ಸುಳ್ಳು ಹೇಳಲು ಬರುವುದಿಲ್ಲ. ಇಲ್ಲಿ ಮಗಳು ಜಡೆ ಹಾಕಿಸಿಕೊಳ್ಳುತ್ತ ಆಗಾಗ ತಿರುಗಿ ನನ್ನ ಮುಖ ನೋಡುತ್ತಿದ್ದಳು. ಸಂಪರ್ಕ ತಪ್ಪುವುದಕ್ಕೆ ಅವಳ ಪುಸ್ತಕದಲ್ಲಿ ಸ್ಪರ್ಶ ಕಳೆದುಕೊಳ್ಳುವುದು ಎಂದಿತ್ತು. ಆ ಪುಟ ಬಂದಾಗ ಅವಳು ತಾನಾಗಿ ದಾಟಿಸಿದಳು. ಅವ್ವ ಮೂವತ್ತು ಮೂವತ್ತೈದು ವರ್ಷ ಕಾಪಾಡಿದ್ದನ್ನು ನಾನು ಒಂದು ಮಧ್ಯಾಹ್ನದಲ್ಲಿ ಮುಗಿಸಿ ಬಂದೆನೇನೋ ಎಂದು ಪೂಜೆಗೆ ಕೂತಾಗಲೂ ಅನ್ನಿಸುತ್ತಿತ್ತು. ಹೇಳಿದ್ದು ತಪ್ಪು ಎಂದು ಮಾತ್ರ ಒಂದು ದಿನವೂ ಅನ್ನಿಸಲಿಲ್ಲ.

ಏಳನೇ ವಾರ, ಸೋಮವಾರ, ಪೂಜೆ ಮುಗಿಸಿ ವಿಭೂತಿಯ ಕೈ ತೊಳೆಯುವ ಮುಂಚೆಯೇ ಫೋನು ಬಂತು. ಅಕ್ಕ ಚೆನ್ನಾಗಿದೀಯಾ ಎಂದು ಕೇಳಲಿಲ್ಲ.

"ಅವ್ವ ಕೊನೆಕೊನೆಗೆ ಏನು ಉಣ್ತಿದ್ಲು?"

ಅವ್ವ ಕೊನೆಯ ಏಳೆಂಟು ತಿಂಗಳು ನನ್ನ ಮನೆಯಲ್ಲಿದ್ದಳು. ಹೇಳಿದೆ. ಗಂಜಿ ಬೇಡ ಎನ್ನುತ್ತಿದ್ದಳು, ಹಾಲಿನಲ್ಲಿ ನೆನೆಸಿದ ರೊಟ್ಟಿಯ ಮೇಲಿನ ಪದರ ಮಾತ್ರ ತಿನ್ನುತ್ತಿದ್ದಳು, ಅಂಚು ನನಗೆ ಬಿಡುತ್ತಿದ್ದಳು.

"ಹೂಂ" ಎಂದು ಇಟ್ಟುಬಿಟ್ಟಳು.

ಮುಂದಿನ ಸೋಮವಾರ ಮತ್ತೆ ಬಂತು. "ನನ್ನ ಸುದ್ದಿ ತೆಗೀತಿದ್ಲಾ?" ತೆಗೆಯುತ್ತಿದ್ದಳು. ಉಳವಿಯ ಕಡೆ ಮಳೆಯಂತೆ ಎಂದು ಯಾರಾದರೂ ಅಂದರೆ ಸಾಕು, ನಿಮ್ಮಕ್ಕನ ನಾಟಿ ಮುಗೀತಂತಾ ಎಂದು ಕೇಳುತ್ತಿದ್ದಳು. ಅದನ್ನೂ ಹೇಳಿದೆ. ಹೀಗೆ ಪ್ರತಿ ಸೋಮವಾರವೂ ಒಂದು ಪ್ರಶ್ನೆ. ಅವ್ವನ ಕಾಲು ಊದಿತ್ತಾ, ಯಾವ ಕಡೆ ಮಗ್ಗುಲಾಗಿ ಮಲಗುತ್ತಿದ್ದಳು, ಪೂಜೆಗೆ ತಾನೇ ಏಳುತ್ತಿದ್ದಳಾ ಅಥವಾ ನೀನು ಏಳಿಸುತ್ತಿದ್ದೆಯಾ. ಎದುರಿಗಿದ್ದಾಗ ನೋಡದೆ ಬಿಟ್ಟ ತಾಯಿಯನ್ನು ಅವಳು ನನ್ನ ಬಾಯಿಂದ ಸ್ವಲ್ಪ ಸ್ವಲ್ಪವಾಗಿ ತೆಗೆದುಕೊಳ್ಳುತ್ತಿದ್ದಳು. ನನ್ನನ್ನು ಕ್ಷಮಿಸಿದ್ದಾಳೋ ಇಲ್ಲವೋ ನಾನು ಕೇಳಿಲ್ಲ. ಕೇಳುವ ಸಲಿಗೆ ಇನ್ನೂ ಬಂದಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಒಂದನ್ನೂ ಸಿಹಿ ಮಾಡಿ ಹೇಳುವುದಿಲ್ಲ. ಅವ್ವ ಕೊನೆಯ ದಿನ ಅವಳ ಹೆಸರು ಹಿಡಿದು ಕರೆದಳಾ ಎಂದು ಕೇಳಿದಾಗ, ಇಲ್ಲ, ಯಾರನ್ನೂ ಕರೆಯಲಿಲ್ಲ ಎಂದೇ ಹೇಳಿದೆ.

ಹೋದ ಸೋಮವಾರ ಅವಳು ಏನೂ ಕೇಳಲಿಲ್ಲ. ಹಾಗಾಗಿ ನಾನೇ ಶುರುಮಾಡಿದೆ. "ಅವ್ವ ಬೆಳಿಗ್ಗೆ ಎದ್ದ ಕೂಡ್ಲೇ ಮೊದ್ಲು ಮುಂಬಾಗಿಲು ತೆಗೀತಿದ್ಲಲ್ಲ, ಇಲ್ಲೂ ಹಂಗೇ ಮಾಡೋಳು..."

"ಅಲ್ಲ" ಎಂದಳು ಅಕ್ಕ. "ಮೊದ್ಲು ಬಾಗಿಲಲ್ಲ. ನೀ ಯಾವತ್ತು ಅಷ್ಟೊತ್ತಿಗೆ ಎದ್ದಿದ್ದೆ? ಹಾಸಿಗೆ ಮೇಲೆ ಕೂತು, ಕೂದ್ಲು ಎರಡೂ ಕೈಯಲ್ಲಿ ಹಿಂದಕ್ಕೆ ತಗೊಂಡು ಗಂಟು ಹಾಕ್ತಿದ್ಲು. ಬಾಯಲ್ಲಿ ಪಿನ್ನು ಕಚ್ಕೊಂಡಿರ್ತಿದ್ಲು. ಪಿನ್ನು ಕಚ್ಕೊಂಡೇ ಶಿವಶಿವ ಅನ್ನೋಳು. ಆಮೇಲೆ ಬಾಗಿಲು."

ನಾನು ನೋಡಿರದ ಅವ್ವ. ಸ್ಟೌ ಆರಿಸಿ, ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

"ಆಮೇಲೆ?" ಎಂದೆ.